ಸೋಫಾ ಮೇಸ್ತ್ರಿಯ ಎಡ ದವಡೆ

ಸೋಫಾ ಮೇಸ್ತ್ರಿಯ ಬಾಯಿಗೆ ಎರಡು ಕೆಲಸ: ಸಣ್ಣ ಮೊಳೆಗಳನ್ನು ಎಡಗಡೆಯ ಹಲ್ಲಲ್ಲಿ ಕಚ್ಚಿಕೊಳ್ಳುವುದು, ಕಚ್ಚದಿದ್ದಾಗ ಬಡಾಯಿ ಕೊಚ್ಚುವುದು. ಆ ಕಡೆಯ ಮೂರು ಕೆಳಹಲ್ಲು ಹೋದ ಮೇಲೆ ಮೊದಲನೆಯದು ಕುಂಟಿತು, ಎರಡನೆಯದಕ್ಕೆ ಪುರಸೊತ್ತು ಹೆಚ್ಚಿತು.

ಖಾಲಿ ಬಿಟ್ಟರೆ ಮೂಳೆ ಕರಗುತ್ತದೆಂದು ಹಲ್ಲಿನ ಡಾಕ್ಟರಮ್ಮ ಆಗಲೇ ಎಚ್ಚರಿಸಿದ್ದರು. "ಹಲ್ಲು ಹೋದ್ರೆ ದವಡೆ ಎದ್ದು ಊರು ಬಿಡುತ್ತಾ?" ಎಂದು ಈತ ಅಂಗಡಿಗೆ ಬಂದವರಿಗೆಲ್ಲ ಎಂಟು ವರ್ಷ ಅದೇ ಜೋಕು ಬಡಿಸಿದ. ಪಕ್ಕದಲ್ಲೇ ಕವರು ಹೊಲಿಯುವ ಹೆಂಡತಿಯ ಕಿವಿ ಜಡ್ಡುಗಟ್ಟಿತ್ತು.

ದವಡೆ ಊರು ಬಿಟ್ಟೇಬಿಟ್ಟಿತು. ಮೊಳೆ ಜಾರಿ ಜಾರಿ ಕೆಲಸ ಅರ್ಧಕ್ಕಿಳಿದಾಗ ಡಾಕ್ಟರಮ್ಮನ ಬಳಿಗೆ ಓಡಿದವನ ಎಕ್ಸ್‌ರೇಯಲ್ಲಿ ಎಡಗಡೆ ಕುಸಿದ ಕಾಲುವೆ ದಂಡೆಯಂತಿತ್ತು.

"ಇಂಪ್ಲಾಂಟ್ ಹಲ್ಲು ಅಂದ್ರೆ ದವಡೆಗೆ ಹಾಕೋ ಸ್ಕ್ರೂ ತಾನೇ? ತಿರುಗಿಸಿ."

"ಯಾವುದಕ್ಕೆ ತಿರುಗಿಸ್ಲಿ? ಮೊದಲು ಮೂಳೆಪುಡಿ ತುಂಬಿ ಹೊಲಿಗೆ ಹಾಕ್ತೀನಿ. ಅದರೊಳಗೆ ನಿಮ್ಮ ಮೂಳೆ ಬೆಳೀಬೇಕು. ಆರು ತಿಂಗಳು ಆ ಜಾಗ ಮುಟ್ಟಬೇಡಿ."

ಪುಡಿ ಎಂದೊಡನೆ ಮೇಸ್ತ್ರಿಯ ಮುಖ ಹುಳ್ಳಗಾಯಿತು. ಹುಳು ತಿಂದ ಕುರ್ಚಿಕಾಲಿಗೆ ಮರದ ಹೊಟ್ಟು, ಅಂಟು ತುರುಕಿ, ಸ್ಕ್ರೂ ಬಿಗಿದು, "ಹೊಸದಕ್ಕಿಂತ ಗಟ್ಟಿ" ಎಂದು ಗಿರಾಕಿಗೆ ಟೋಪಿ ಹಾಕುವುದು ಇವನ ಇಪ್ಪತ್ತು ವರ್ಷದ ವಿದ್ಯೆ. ಅಂಥ ಕಾಲು ಎಷ್ಟು ದಿನ ನಿಲ್ಲುತ್ತದೆಂದು ಇವನಿಗಲ್ಲದೆ ಯಾರಿಗೆ ಗೊತ್ತು? ಕಳ್ಳನಿಗೆ ಊರೆಲ್ಲ ಕಳ್ಳರೇ.

ತುಂಬಿಸಿಕೊಂಡು ಬಂದ ನಾಲ್ಕನೇ ದಿನದಿಂದ ಕನ್ನಡಿಯ ಮುಂದೆ ನಿಂತು ಹೆಬ್ಬೆರಳು ತುರುಕಿ ಅದುಮಿ ನೋಡತೊಡಗಿದ.

"ಬೆರಳು ತೆಗೀರಿ. ಬೀಜ ಹಾಕಿ ದಿನಾ ಕೆದಕಿದ್ರೆ ಮೊಳಕೆ ಬರುತ್ತಾ?" ಎಂದಳು ಹೆಂಡತಿ.

"ಕೂತಿದೆಯೋ ಇಲ್ವೋ ನೋಡ್ಬೇಡ್ವೇನೇ?"

ಮೂರನೇ ವಾರ ಹೊಲಿಗೆ ಬಿಚ್ಚಿ ಗಾಯ ಕೀವಾಯಿತು. ಪುಡಿ ಕಾಳುಕಾಳಾಗಿ ಹೊರಬಂತು. ಡಾಕ್ಟರಮ್ಮನ ಮುಂದೆ ಆಸಾಮಿ ಪಂದ್ಯ ಗೆದ್ದವನಂತೆ ಕೂತ.

"ನನಗೆ ಗೊತ್ತಿತ್ತು. ಪುಡಿ ನಿಲ್ಲಲ್ಲ."

"ಇವರು ನಿಲ್ಲೋಕೆ ಬಿಟ್ರೆ ತಾನೇ ಡಾಕ್ಟ್ರೇ? ದಿನಕ್ಕೆ ಹತ್ತು ಸಲ ಹೆಬ್ಬೆರಳು," ಎಂದಳು ಹೆಂಡತಿ.

ಡಾಕ್ಟರಮ್ಮ ಕೈಗವಸು ಕಳಚಿದರು. "ಇದ್ದಬದ್ದ ಮೂಳೆನೂ ಹೋಯ್ತು. ಇನ್ನು ತೆಗೆದು ಹಾಕೋ ಹಲ್ಲುಸೆಟ್ಟೇ ಗತಿ."

ಸೆಟ್ಟು ಬಂತು. ಮೊಳೆ ಕಚ್ಚಿದರೆ ಅದೂ ಎದ್ದು ಬರುವುದರಿಂದ ಡಬ್ಬಿಯಲ್ಲೇ ಬಿದ್ದಿದೆ. ಬಡಾಯಿಗೆ ಮಾತ್ರ ಹಲ್ಲು ಬೇಕಿಲ್ಲ. ಮೊನ್ನೆ ರಿಪೇರಿಯಾದ ಕುರ್ಚಿ ಒಯ್ಯಲು ಬಂದ ಗಿರಾಕಿಗೆ, "ಹೊಸದಕ್ಕಿಂತ ಗಟ್ಟಿ," ಎಂದ.

ಹೆಂಡತಿ ಮೆಷಿನ್ನು ನಿಲ್ಲಿಸದೆ ಹೇಳಿದಳು: "ಒಂದ್ಸಲ ಅದುಮಿ ನೋಡಿ ಅಣ್ಣ. ನಮ್ಮಲ್ಲಿ ಅದೇ ಪದ್ಧತಿ."

ಗಿರಾಕಿ ಅದುಮಿದ. ಕಾಲು ಕಳಚಿಕೊಂಡಿತು.