ಉಸಿರು ಕಟ್ಟುವ ಚಾಳಿ

ನೀರಿಗೆ ಯಾರೂ ಒಬ್ಬರೇ ಇಳಿಯಬಾರದು, ಜೊತೆಗೊಬ್ಬರು ಇರಲೇಬೇಕು. ಸ್ಕೂಬಾ ತರಗತಿಯ ಈ ನಿಯಮ ಕೇಳಿಯೇ ನಾನು ಸೇರಿದ್ದು. ಹೆಂಡತಿ ತೀರಿಕೊಂಡ ಮೇಲೆ ಹೊಸೂರಿನ ಮನೆಯಲ್ಲಿ ಭಾನುವಾರಗಳು ಕಳೆಯುತ್ತಿರಲಿಲ್ಲ. ಟೀವಿಯ ಜೊತೆ ಜಗಳವಾಡುವ ಮಟ್ಟಕ್ಕೆ ಬಂದಿದ್ದೆ. ಐವತ್ತು ದಾಟಿದವನಿಗೆ ಸಮುದ್ರದ ತಳ ನೋಡುವ ಆಸೆಯೇನೂ ಇರಲಿಲ್ಲ. ನಿಯಮದ ಪ್ರಕಾರ ಒಬ್ಬ ಜೊತೆಗಾರ ಸಿಗುತ್ತಾನಲ್ಲ, ಅಷ್ಟು ಸಾಕಿತ್ತು.

ಸಿಕ್ಕಿದರು. ಕೃಷ್ಣಗಿರಿಯಲ್ಲಿ ಮಾವಿನ ಮಂಡಿ ಇಟ್ಟವರು, ನನಗಿಂತ ಚಿಕ್ಕವರು. ಕನ್ನಡದಲ್ಲಿ ಶುರುಮಾಡಿ, ತಮಿಳಿನಲ್ಲಿ ಬೈದು, ತೆಲುಗಿನಲ್ಲಿ ಮುಗಿಸುವ ಮಾತಿನ ಮಲ್ಲ. ತರಗತಿ ಮುಗಿದ ಮೇಲೆ ಬಸ್ ನಿಲ್ದಾಣದ ಹತ್ತಿರ ಇಬ್ಬರೂ ಟೀ ಕುಡಿಯುತ್ತಿದ್ದೆವು. ವಾರವಿಡೀ ನಾನು ಆ ಟೀಗಾಗಿ ಕಾಯುತ್ತಿದ್ದೆ.

ಈಜುಕೊಳದಲ್ಲಿ ಕಲಿಸಿದ ಮೊದಲ ಪಾಠ: ಸಿಲಿಂಡರಿನ ಗಾಳಿ ಎಳೆದುಕೊಂಡವನು ಉಸಿರು ಕಟ್ಟಲೇಬಾರದು. ಕಟ್ಟಿಕೊಂಡು ಮೇಲೆ ಬಂದರೆ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶ ಒಡೆದೀತು. ನಾನು ಈಜು ಕಲಿತದ್ದು ಗುಮ್ಮಳಾಪುರದ ತೋಟದ ಬಾವಿಯಲ್ಲಿ. ತಳದ ಕೆಸರು ಹಿಡಿದು ತಂದವನೇ ಅಲ್ಲಿ ಶೂರ. ಮೇಲೆ ನಿಂತ ಅಪ್ಪ, "ಉಸ್ರು ಬಿಟ್ಟುಗಿಟ್ಟೀಯ ಕಣ್ಲಾ, ಮುಳುಗೋಗ್ತೀಯ" ಅನ್ನುತ್ತಿದ್ದ. ಹುಟ್ಟುಗುಣ ಸುಟ್ಟರೂ ಹೋಗದು. ಕೊಳದಲ್ಲಿ ಮೇಲೆ ಬರುವ ಪರೀಕ್ಷೆಗೂ ನಾನು ಬಾಯಿ ಬಿಗಿದುಕೊಂಡೇ ಬಂದೆ. ದಾರಿಯುದ್ದಕ್ಕೂ ಗುಳ್ಳೆ ಬಿಡಬೇಕಿತ್ತು, ಒಂದೂ ಬರಲಿಲ್ಲ. ತರಬೇತುದಾರ ಅದನ್ನು ನೋಡಿದ. "ಈಜು ಸೂಪರ್ ಸಾರ್, ಉಸ್ರು ಮಾತ್ರ ಸ್ವಲ್ಪ ನೋಡ್ಕಳಿ" ಎಂದು ಪಾಸು ಮಾಡಿದ. ಸಮುದ್ರದ ಪರೀಕ್ಷೆಯಲ್ಲಿ ಅವನೇ ತೋಳು ಹಿಡಿದು ಮೇಲೆ ತಂದ. ಇನ್ನು ತರಬೇತುದಾರನಿಲ್ಲದೆಯೂ ಇಳಿಯಬಹುದೆಂಬ ಕಾರ್ಡು ಬಂತು.

ನಾನು ಕಾರ್ಖಾನೆಯಲ್ಲಿ ಬಿಡಿಭಾಗಗಳ ತಪಾಸಣೆ ಮಾಡುವವನು. ಸ್ವಲ್ಪ ನೋಡ್ಕೋ ಎಂದು ಬೋಲ್ಟಿಗೆ ಬುದ್ಧಿ ಹೇಳಿ ಪಾಸು ಮಾಡಿದವನಲ್ಲ. ಸ್ಕೂಬಾ ಪುಸ್ತಕದಲ್ಲಿ ನಿಯಮಗಳೇನೋ ಬಿಗಿಯಾಗಿಯೇ ಇವೆ. ಆದರೆ ಒಬ್ಬ ನಿಜಕ್ಕೂ ಕಲಿತನೇ ಎಂದು ತೀರ್ಮಾನಿಸಬೇಕಾದವನಿಗೆ ಮುಂದಿನ ಬ್ಯಾಚಿನ ಅವಸರ. ನಲವತ್ತು ವರ್ಷದ ಚಾಳಿ ಕೆಲವು ವಾರಗಳಲ್ಲಿ ಬಿಡುತ್ತದೆಯೇ?

ಕಾರ್ಡು ಹಿಡಿದುಕೊಂಡು ನಾವಿಬ್ಬರೂ ಪುದುಚೇರಿಗೆ ಹೋದೆವು. ಈ ಸಲ ತೋಳು ಹಿಡಿಯುವವರಿಲ್ಲ; ನನಗೆ ಅವರು, ಅವರಿಗೆ ನಾನು. ಇಳಿಯುವ ಮೊದಲು ಒಬ್ಬರ ಸಲಕರಣೆ ಇನ್ನೊಬ್ಬರು ಪರೀಕ್ಷಿಸುವುದು ಕ್ರಮ. ದೋಣಿಯಲ್ಲಿ ನನ್ನ ಪಟ್ಟಿ ಬಿಗಿಮಾಡುತ್ತ ಅವರು, "ನೀವಿದ್ರೆ ನಂಗೆ ಧೈರ್ಯ ಸಾರ್" ಅಂದರು.

ಆ ಮಾತು ಕೇಳಿಯೂ ಸುಮ್ಮನಿರಲು ನನ್ನಿಂದ ಆಗಲಿಲ್ಲ. ಹೇಳಿದರೆ ಈ ಜೊತೆ ತಪ್ಪುತ್ತದೆಂದು ಗೊತ್ತಿತ್ತು.

"ಗಾಬ್ರಿ ಆದ್ರೆ ನಾನು ಉಸ್ರು ಕಟ್ಬುಡ್ತೀನಿ. ನನ್ನ ಪಾಸ್ ಮಾಡ್ಬಾರ್ದಾಗಿತ್ತು. ಕೆಳಗೆ ನಿಮ್ಗೇನಾದ್ರೂ ಆದ್ರೆ ನನ್ನ ನಂಬ್ಕೋಬೇಡಿ."

ಅವರ ಕೈ ಪಟ್ಟಿಯ ಮೇಲೇ ನಿಂತಿತು. "ಮನೇಲಿ ಸಣ್ ಮಗ್ಳವ್ಳೆ ಸಾರ್" ಅಂದರು. ದೋಣಿಯಲ್ಲಿದ್ದ ಇನ್ನೊಬ್ಬ ಡೈವರನ ಜೊತೆ ಇಳಿದರು. ನಾನು ರಬ್ಬರಿನ ಅಂಗಿ ತೊಟ್ಟು ಬಿಸಿಲಲ್ಲಿ ಬೇಯುತ್ತ ಅವರ ಗುಳ್ಳೆಗಳನ್ನು ನೋಡುತ್ತ ಕೂತೆ. ಹೊಟ್ಟೆ ಉರಿಯಿತು. ಅವರ ಮೇಲಲ್ಲ, ಅವರ ಪಕ್ಕ ಇದ್ದವನ ಮೇಲೆ.

ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತರು. ನೋಡಿದ ಮೀನುಗಳ ಮಾತೇ ಎತ್ತಲಿಲ್ಲ. ನನಗೆ ನೋವಾದೀತೆಂದು ಇರಬೇಕು. ಕೃಷ್ಣಗಿರಿಯಲ್ಲಿ "ಬತ್ತೀನಿ ಸಾರ್" ಎಂದು ಇಳಿದುಹೋದರು.

ನನ್ನನ್ನು ಮತ್ತೆ ಪರೀಕ್ಷೆ ಮಾಡಿ ಎಂದು ತರಬೇತಿಯವರನ್ನು ಕೇಳಿದೆ. ಪಾಸಾದವರಿಗೆ ಇನ್ನೆಂಥ ಪರೀಕ್ಷೆ ಎಂದು ನಕ್ಕರು. ಮಾವಿನ ಮಂಡಿಯವರು ಹೊಸ ಜೊತೆಗಾರನೊಬ್ಬನನ್ನು ಹುಡುಕಿಕೊಂಡಿದ್ದಾರೆಂಬ ಸುದ್ದಿಯೂ ಅಲ್ಲೇ ಸಿಕ್ಕಿತು. ಅವನಿಗೂ ಕಾರ್ಡು ಕೊಟ್ಟದ್ದು ಅದೇ ತರಬೇತುದಾರ. ಅವನು ಉಸಿರು ಬಿಡುವುದನ್ನು ಒಮ್ಮೆ ನೀವೇ ನೋಡಿಕೊಳ್ಳಿ ಎಂದು ಹೇಳಲು ಅವರಿಗೆ ಫೋನ್ ಮಾಡಿದೆ. ಅವರು ಎತ್ತಲಿಲ್ಲ.