ಬಲಗಾಲಿನ ತಪ್ಪು

ನಮ್ಮ ಭಾನುವಾರದ ಬೈಕು ಗುಂಪಿನಲ್ಲಿ ಒಂದು ಪದ್ಧತಿಯಿದೆ. ಗುಂಡ್ಲುಪೇಟೆ ದಾಟಿ ಹಂಗಳದ ಹತ್ತಿರ ಟೀ ಕುಡಿದ ಮೇಲೆ, ಅಲ್ಲಿಂದ ಗೋಪಾಲಸ್ವಾಮಿ ಬೆಟ್ಟದ ಬುಡದವರೆಗೆ ಗಾಡಿ ಅದಲುಬದಲು ಮಾಡಿಕೊಳ್ಳುವುದು. ನಿನ್ನದು ನನಗೆ, ನನ್ನದು ನಿನಗೆ. ಕೀಲಿ ಕೊಡುವಾಗ "ಹುಷಾರು ಕಣ್ಲಾ" ಅನ್ನುವಂತಿಲ್ಲ. ಅಂದವನನ್ನು ವಾರವಿಡೀ ಗೇಲಿ ಮಾಡುತ್ತೇವೆ. ಮನೆಯಲ್ಲಿ ಹೆಂಡತಿ ತರಕಾರಿಗೆ ಹೋಗಬೇಕೆಂದರೂ ಗಾಡಿ ಮುಟ್ಟಲು ಬಿಡದ ಗಂಡಸರು ನಾವು. ಆ ಒಂದಿಷ್ಟು ದೂರಕ್ಕೆ ಮಾತ್ರ ಮಹಾ ಉದಾರಿಗಳು.

ನಾನು ಹರವೆಯವನು. ಬದನಗುಪ್ಪೆಯ ಒಂದು ಕಾರ್ಖಾನೆಯಲ್ಲಿ ಪಾಳಿ ನೋಡಿಕೊಳ್ಳುವ ಕೆಲಸ. ವಾರದ ಆರು ದಿನ ಮೆಷಿನ್ನುಗಳ ಸದ್ದು ಕೇಳಿ ಕೇಳಿ ತಲೆ ಕೆಟ್ಟವನಿಗೆ ಏಳನೆಯ ದಿನ ಇನ್ನೊಂದು ಮೆಷಿನ್ನಿನ ಮೇಲೆ ಕೂತರೇ ನೆಮ್ಮದಿ ಅಂದರೆ ಯಾರೂ ನಂಬುವುದಿಲ್ಲ. ಆದರೆ ಬೆಳಗಿನ ಆರು ಗಂಟೆಗೆ ಚಾಮರಾಜನಗರ ಬಿಟ್ಟು, ತೆರಕಣಾಂಬಿ ದಾಟಿ, ಎರಡೂ ಕಡೆ ಚೆಂಡುಹೂವಿನ ಹೊಲಗಳು ಶುರುವಾಗುವಲ್ಲಿ ನಾಲ್ಕನೇ ಗೇರಿಗೆ ಹಾಕಿ ನೋಡಬೇಕು. ಬಾಡಿಗೆ, ಬಡ್ತಿ, ಬಿಪಿ ಎಲ್ಲ ಹಿಂದೆ ಉಳಿದುಬಿಡುತ್ತವೆ. ಗುಂಪಿನಲ್ಲಿ ಬಾಳೆಕಾಯಿ ವ್ಯಾಪಾರಿಯೂ ಇದ್ದಾನೆ, ಬ್ಯಾಂಕಿನವನೂ ಇದ್ದಾನೆ. ಹೆಲ್ಮೆಟ್ ಹಾಕಿಕೊಂಡರೆ ಎಲ್ಲರೂ ಒಂದೇ ಅಂತ ಹೇಳಿಕೊಂಡು ತಿರುಗುತ್ತೇವೆ. ಅದು ಎಷ್ಟು ಸುಳ್ಳು ಅನ್ನುವುದು ನನಗೆ ಚೆನ್ನಾಗಿ ಗೊತ್ತು.

ಗುಂಪಿಗೆ ಹಿರಿಯರು ಒಬ್ಬ ಮೇಷ್ಟ್ರು. ಹೈಸ್ಕೂಲಿನಲ್ಲಿ ಡ್ರಿಲ್ ಹೇಳಿಕೊಡುತ್ತಿದ್ದು ನಿವೃತ್ತರಾದವರು. ಅವರದು ಕಪ್ಪು ಬಣ್ಣದ ಹಳೇ ಗಾಡಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೊಂಡದ್ದು. ಅದರ ವಿಶೇಷವೆಂದರೆ ಎಲ್ಲವೂ ತಿರುಗುಮುರುಗು. ಈಗಿನ ಗಾಡಿಗಳಲ್ಲಿ ಎಡಗಾಲಿಗೆ ಗೇರು, ಬಲಗಾಲಿಗೆ ಬ್ರೇಕು. ಅದರಲ್ಲಿ ಬಲಗಾಲಿಗೆ ಗೇರು, ಎಡಗಾಲಿಗೆ ಬ್ರೇಕು. ಆ ಗಾಡಿಯನ್ನು ಮೊದಲಿನಿಂದ ನೋಡಿಕೊಂಡವರು ಚಾಮರಾಜನಗರದ ಪೇಟೆಯ ಒಬ್ಬ ಸಾಬರು. ಅವರಿಗೆ ವಯಸ್ಸಾದ ಮೇಲೆ ಸ್ಪ್ಯಾನರು ಮಗನ ಕೈಗೆ ಬಂತು. ಆ ಮಗನನ್ನು ನಾವೆಲ್ಲ ಮಿಸ್ತ್ರಿ ಎಂದೇ ಕರೆಯುತ್ತಿದ್ದೆವು.

ಮಿಸ್ತ್ರಿಯನ್ನು ಗುಂಪಿಗೆ ಸೇರಿಸಿದ್ದೂ ಮೇಷ್ಟ್ರೇ. "ಗಾಡಿ ಕೆಟ್ರೆ ಮಾತ್ರ ಅವ್ನು ಬೇಕು, ಓಡಿಸಕ್ಕೆ ನಾವು ಮಾತ್ರ. ಇದ್ಯಾವ ನ್ಯಾಯಲಾ?" ಅಂತ ನಮ್ಮನ್ನೆಲ್ಲ ಗದರಿದ್ದರು. ಆಮೇಲೆ ಆತ ಭಾನುವಾರ ಅಂಗಡಿ ಮುಚ್ಚಿ, ತಾನೇ ಬಿಡಿಭಾಗ ಕೂಡಿಸಿ ಕಟ್ಟಿದ ಒಂದು ಸಣ್ಣ ಗಾಡಿಯಲ್ಲಿ ಬರತೊಡಗಿದ. ಇಸ್ತ್ರಿ ಮಾಡಿದ ತಿಳಿನೀಲಿ ಅಂಗಿ. ಗ್ರೀಸು ಮೆತ್ತದ ಕೈ. ಟೀ ಅಂಗಡಿಯಲ್ಲಿ ನಮ್ಮ ಜೊತೆ ಬೆಂಚಿನ ಮೇಲೆ ಕೂತು, ಯಾರ ಗಾಡಿ ಯಾವ ಸದ್ದು ಮಾಡುತ್ತದೆ ಅಂತ ಬಾಯಲ್ಲೇ ಮಾಡಿ ತೋರಿಸುತ್ತಿದ್ದ. ನನ್ನ ಗಾಡಿಯ ಸದ್ದು ಮಾಡಿದಾಗ ನನಗೆ ಕೋಪ ಬಂದಿತ್ತು. ಅಷ್ಟು ಸರಿಯಾಗಿತ್ತು.

ಆ ಭಾನುವಾರ ಮೇಷ್ಟ್ರ ಗಾಡಿ ನನ್ನ ಪಾಲಿಗೆ ಬಂತು. ಕೀಲಿ ಕೊಡುತ್ತ ಅವರು, "ಬಲಗಾಲಲ್ಲಿ ಗೇರು ಕಣಪ್ಪ, ಗೊತ್ತಲ್ಲ?" ಅಂದರು.

"ಅಯ್ಯೋ ಸಾ, ನಮ್ಮಪ್ಪ ಇಂತಾ ಗಾಡಿಲೇ ನನ್ನ ಮುಂದುಗಡೆ ಕೂರಿಸ್ಕೊಂಡು ಕಲಿಸಿದ್ದು," ಅಂದೆ. ಶುದ್ಧ ಸುಳ್ಳು. ನಮ್ಮಪ್ಪನ ಜೀವಮಾನವೆಲ್ಲ ಸೈಕಲ್ಲಿನಲ್ಲೇ ಕಳೆಯಿತು.

ಮಿಸ್ತ್ರಿಗೆ ಏನನ್ನಿಸಿತೋ, "ಸಾ, ಒಂದ್ಸಲ ಇಲ್ಲೇ ಒಂದ್ ರೌಂಡು ಹಾಕ್ಬುಟ್ಟು ಓಗಿ," ಅಂದ. ಒಳ್ಳೆಯ ಮಾತೇ ಆಡಿದ್ದ. ಹನ್ನೆರಡು ಜನರ ಮುಂದೆ ಆಡಿದ ಅನ್ನುವುದೇ ನನ್ನ ಸಿಟ್ಟು. "ನೀನು ಸ್ಪ್ಯಾನರ್ ಹಿಡಿಯಕ್ ಮುಂಚೆನೇ ನಾನು ಗಾಡಿ ಹಿಡಿದಿದ್ದೀನಿ ಬುಡಪ್ಪ," ಅಂತ ನಕ್ಕು, ಎಲ್ಲರಿಗಿಂತ ಮೊದಲು ಹೊರಟುಬಿಟ್ಟೆ.

ನಿಧಾನಕ್ಕೆ ಓಡಿಸುವಷ್ಟು ಹೊತ್ತು ಬಲಗಾಲು ನಾನು ಹೇಳಿದ ಮಾತು ಕೇಳಿತು. ತಿರುವಿನಲ್ಲಿ ಮೇಕೆಗಳು ಅಡ್ಡ ಬಂದವು. ಹೆದರಿದ ಕಾಲಿಗೆ ಯಾವ ಗಾಡಿ ಅನ್ನುವುದು ನೆನಪಿರುವುದಿಲ್ಲ. ಇಪ್ಪತ್ತು ವರ್ಷದ ರೂಢಿಯಂತೆ ಬ್ರೇಕು ಎಂದುಕೊಂಡು ಬಲಗಾಲಿನಿಂದ ಜೋರಾಗಿ ಒತ್ತಿದೆ. ಅದು ಗೇರು. ನಿಲ್ಲಬೇಕಾದ ಗಾಡಿ ಇನ್ನೊಂದು ಗೇರಿಗೆ ಏರಿಕೊಂಡು ಮುಂದಕ್ಕೆ ನುಗ್ಗಿತು. ಹ್ಯಾಂಡಲ್ಲು ಎಳೆದೆ. ರಸ್ತೆ ಬಿಟ್ಟು ಹೊಲದ ಅಂಚಿನ ಗಡಿಕಲ್ಲೊಂದನ್ನು ಹತ್ತಿ, ಗಾಡಿಯ ಹೊಟ್ಟೆಯ ಕೆಳಗೆ 'ಟಕ್' ಅಂತ ಸದ್ದಾಗಿ, ಆಮೇಲೆ ನಾನೂ ಅದೂ ಒಟ್ಟಿಗೆ ಪಕ್ಕಕ್ಕೆ ಮಲಗಿದೆವು. ಮೇಕೆ ಕಾಯುವ ಹೆಂಗಸು, "ಕಣ್ಣು ಎಲ್ಲಿಟ್ಟಿದ್ದಿಯಪ್ಪಾ? ನನ್ ಮರಿಗೇನಾರ ಆಗಿದ್ರೆ?" ಅಂತ ಬೈದುಕೊಂಡು ಹೋದಳು.

ಎದ್ದವನೇ ಹಿಂದೆ ನೋಡಿದೆ. ಗುಂಪು ಇನ್ನೂ ಬಂದಿರಲಿಲ್ಲ. ಗಾಡಿ ಎತ್ತಿ ನಿಲ್ಲಿಸಿ, ಕರವಸ್ತ್ರ ಒದ್ದೆ ಮಾಡಿ ಮಣ್ಣು ಒರೆಸಿದೆ. ಹ್ಯಾಂಡಲ್ಲಿನ ತುದಿಯನ್ನು ಅಂಗಿಯಿಂದ ಉಜ್ಜಿದೆ. ಕೆಳಗೆ ಬಗ್ಗಿ ನೋಡಬೇಕು ಅಂತ ಹೊಳೆಯಿತು. ನೋಡಲಿಲ್ಲ. ನೋಡಿದರೆ ಏನಾದರೂ ಕಂಡೀತು ಅಂತ ಭಯ. ಒಂದೇ ಒದೆತಕ್ಕೆ ಸ್ಟಾರ್ಟ್ ಆಯಿತು. ಸದ್ಯ ಬದುಕಿದೆ ಅಂದುಕೊಂಡೆ.

ಬೆಟ್ಟದ ಬುಡದಲ್ಲಿ ಮೇಷ್ಟ್ರು ಬಂದು, "ಹೆಂಗಿತ್ತು?" ಅಂದರು. "ಬೆಣ್ಣೆ ಸಾ, ಬೆಣ್ಣೆ," ಅಂದೆ. ಅವರ ಮುಖ ಅರಳಿತು. ಮಿಸ್ತ್ರಿಯ ಹೆಗಲ ಮೇಲೆ ಕೈ ಹಾಕಿ, "ಎಲ್ಲಾ ಇವನ ಕೈಗುಣ. ಹೋದ್ವಾರ ತಾನೇ ಬಿಚ್ಚಿ ಎಣ್ಣೆ ಬದ್ಲಾಯಿಸ್ದ," ಅಂದರು. ಮಿಸ್ತ್ರಿ ನಾಚಿಕೊಂಡು ತಲೆ ತಗ್ಗಿಸಿದ.

ವಾಪಸು ಬರುವಾಗ ಗಾಡಿ ಮೇಷ್ಟ್ರ ಕೈಯಲ್ಲೇ ಇತ್ತು. ತೆರಕಣಾಂಬಿ ದಾಟಿ ಸ್ವಲ್ಪ ದೂರಕ್ಕೆ ಎಂಜಿನ್ನು ಕಚ್ಚಿಕೊಂಡು ತಿರುಗುವುದನ್ನೇ ನಿಲ್ಲಿಸಿತು. ಹಿಂದಿನ ಚಕ್ರ ಜಾರುತ್ತ ಹೋಯಿತು. ಆ ವಯಸ್ಸಿನಲ್ಲೂ ಅವರು ಹೇಗೋ ಹಿಡಿದು ನಿಲ್ಲಿಸಿದರು. ಬಂದ ದಾರಿಯುದ್ದಕ್ಕೂ ಎಣ್ಣೆಯ ಗೆರೆ ಬಿದ್ದಿತ್ತು. ಒಂದು ಹನಿಯೂ ಒಳಗೆ ಉಳಿದಿರಲಿಲ್ಲ.

ಮಿಸ್ತ್ರಿ ಇಸ್ತ್ರಿ ಅಂಗಿಯಲ್ಲೇ ರಸ್ತೆಯ ಮೇಲೆ ಅಂಗಾತ ಮಲಗಿ ಗಾಡಿಯ ಕೆಳಗೆ ತಲೆ ತೂರಿಸಿದ. ಬೆರಳಿನಿಂದ ಏನನ್ನೋ ಸವರಿದ. ಆ ಬೆರಳನ್ನು ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಮಲಗಿದಲ್ಲಿಂದಲೇ ಕತ್ತು ತಿರುಗಿಸಿ ನನ್ನನ್ನು ನೋಡಿದ. ನಾನು ಫೋನು ತೆಗೆದು ಇಲ್ಲದ ಮೆಸೇಜು ಓದತೊಡಗಿದೆ.

"ಏನಾಯ್ತ್ಲಾ?" ಅಂದರು ಮೇಷ್ಟ್ರು.

"ತಳದ ಎಣ್ಣೆ ಬೋಲ್ಟಿನ ಸುತ್ತ ಸೀಳ್ ಬಿಟ್ಟದೆ ಸಾ."

"ಹೋದ್ವಾರ ಆ ಬೋಲ್ಟು ಬಿಗಿದೋನು ಯಾರು?"

"ನಾನೇ ಸಾ."

ಎಲ್ಲರೂ ಅವನ ಕಡೆ ತಿರುಗಿದರು. ಆ ಗಳಿಗೆ ನನ್ನದು. ನಾನು ಬಾಯಿ ಬಿಟ್ಟಿದ್ದರೆ ಅಲ್ಲಿಗೇ ಎಲ್ಲ ಮುಗಿಯುತ್ತಿತ್ತು. ಮೇಷ್ಟ್ರು ನಾಲ್ಕು ಮಾತು ಬೈಯುತ್ತಿದ್ದರು, ಉಳಿದವರು ವರ್ಷಗಟ್ಟಲೆ ಆಡಿಕೊಳ್ಳುತ್ತಿದ್ದರು, ಅಷ್ಟೆ. ಆದರೆ ನನ್ನ ನಾಲಿಗೆ ಹೊರಳಲಿಲ್ಲ. ಬಾಳೆಕಾಯಿ ವ್ಯಾಪಾರಿ, "ಅಳತೆ ಮೀರಿ ಬಿಗಿದ್ರೆ ಸೀಳ್ತದೆ ಬುಡಿ," ಅಂದ. ಅದಕ್ಕೆ ನಾನು ತಲೆಯಾಡಿಸಿದೆ. ಸುಮ್ಮನಿದ್ದದ್ದನ್ನಾದರೂ ಹೆದರಿಕೆ ಅಂತ ಹೇಳಿಕೊಳ್ಳಬಹುದು. ತಲೆಯಾಡಿಸಿದ್ದಕ್ಕೆ ಏನು ಹೇಳಲಿ? ಅದು ನೆನಪಾದರೆ ಈಗ ಒಬ್ಬನೇ ಇರುವಾಗಲೂ ಮುಖ ಬಿಸಿಯಾಗುತ್ತದೆ.

ಚೆಂಡುಹೂವು ಇಳಿಸಿ ಬರುತ್ತಿದ್ದ ಗೂಡ್ಸ್ ಆಟೋದಲ್ಲಿ ಗಾಡಿ ಹೋಯಿತು. ಮಿಸ್ತ್ರಿಯ ಅಂಗಡಿಗಲ್ಲ, ಮೈಸೂರಿಗೆ. ಮುಂದಿನ ಭಾನುವಾರ ಮಿಸ್ತ್ರಿ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಒಬ್ಬೊಬ್ಬರಾಗಿ ಎಲ್ಲರೂ ಬೇರೆ ಬೇರೆ ಗ್ಯಾರೇಜು ಹುಡುಕಿಕೊಂಡರು. ಟೀ ಅಂಗಡಿಯ ಬೆಂಚಿನಲ್ಲಿ ಅವನ ಮಾತು ಬಂದಾಗ ನಾನು, "ಪಾಪ ಕಣ್ರಯ್ಯ, ಒಂದು ತಪ್ಪಿಗೆ ಅಷ್ಟೊಂದು ಮಾಡ್ಬಾರದು. ನಾನಂತೂ ಗಾಡಿ ಅವನ ಹತ್ರನೇ ಬಿಡೋದು," ಅಂತ ದೊಡ್ಡ ಮನುಷ್ಯನ ಹಾಗೆ ಹೇಳಿದೆ. ಹೇಳಿ, ನಾಲ್ಕು ತಿಂಗಳು ಅವನ ಅಂಗಡಿಯ ರಸ್ತೆಗೇ ತಲೆ ಹಾಕಲಿಲ್ಲ. ಸಂತೆಗೆ ಹೋಗಲೂ ಸುತ್ತು ಬಳಸಿ ಹೋಗುತ್ತಿದ್ದೆ. ನನ್ನಂಥ ಹೇಡಿ ಇನ್ನೊಬ್ಬನಿರಲಾರ.

ಒಂದು ಮಧ್ಯಾಹ್ನ ಪಾಳಿ ಮುಗಿಸಿ ಬರುವಾಗ ಪೇಟೆಯ ಒಳಗೇ ಕ್ಲಚ್ಚಿನ ಕೇಬಲ್ಲು ತುಂಡಾಯಿತು. ಊಟದ ಹೊತ್ತು. ತೆರೆದಿದ್ದದ್ದು ಅವನ ಅಂಗಡಿ ಒಂದೇ. ತಳ್ಳಿಕೊಂಡು ಹೋದೆ. ಮಿಸ್ತ್ರಿ, "ಬನ್ನಿ ಸಾ," ಅಂದ. ಏನೂ ಆಗದವನ ಹಾಗೆ ಹೊಸ ಕೇಬಲ್ಲು ಹಾಕಿ ಬಿಗಿದ. ಆಮೇಲೆ ಪಕ್ಕಕ್ಕೆ ಸರಿದು ನಿಂತ.

ಮೂಲೆಯ ಸ್ಟೂಲಿನಿಂದ ಅವನ ತಂದೆ ಎದ್ದರು. ಬಿಳಿ ಗಡ್ಡ, ದಪ್ಪ ಕನ್ನಡಕ. ಗೋಡೆ ಹಿಡಿದುಕೊಂಡು ಬಂದು, ಕೈಯಲ್ಲಿದ್ದ ಸ್ಪ್ಯಾನರನ್ನು ಮಗ ಈಗಷ್ಟೇ ಬಿಗಿದ ನಟ್ಟಿಗೆ ಹಾಕಿ, ಒಂದು ಎಳೆಯಷ್ಟು ತಿರುಗಿಸಿ ನೋಡಿ, ತಲೆಯಾಡಿಸಿ, ಮುಂದಿನದಕ್ಕೆ ಹೋದರು.

ನಾನು ಮಿಸ್ತ್ರಿಯ ಮುಖ ನೋಡಿದೆ.

"ಮೇಷ್ಟ್ರು ಇಲ್ಲಿಗೆ ಬಂದಿದ್ರು ಸಾ, ಆವತ್ತು ಸಂಜೆ," ಅಂದ. "ಅಪ್ಪನ ಮುಂದೇನೇ ಅಂದೋದ್ರು, ನಿಮ್ಮಪ್ಪನ ಕೈಯಳತೆ ನಿಂಗೆ ಬರನಿಲ್ಲ ಕಣ್ಲಾ ಅಂತ. ಅಪ್ಪಂಗೆ ಕಿವಿ ಓಗಿ ಎಷ್ಟೋ ವರ್ಷ ಆಯ್ತು, ಎಂಜಿನ್ ಸದ್ದಿಗೆ. ಆದ್ರೆ ಡ್ರಿಲ್ ಮೇಷ್ಟ್ರ ಗಂಟ್ಲು ನೋಡಿ, ಅದ್ ಮಾತ್ರ ಕೇಳ್ಬುಡ್ತು. ಆವತ್ತಿಂದ ಮನೇಲಿ ಕೂರಲ್ಲ. ನಾನ್ ಬಿಗಿದಿದ್ನೆಲ್ಲಾ ಇನ್ನೊಂದ್ಸಲ ನೋಡ್ತಾರೆ, ಗಿರಾಕಿ ಮುಂದೆನೇ."

ನನಗೆ ತಡೆಯಲಾಗಲಿಲ್ಲ. ತಗ್ಗಿದ ದನಿಯಲ್ಲಿ, ಯಾರಿಗೂ ಕೇಳದ ಹಾಗೆ, ಮೇಕೆ, ಬಲಗಾಲು, ಗಡಿಕಲ್ಲು ಎಲ್ಲ ಒದರಿಬಿಟ್ಟೆ. ಮಿಸ್ತ್ರಿ ಚಿಂದಿಯಲ್ಲಿ ಕೈ ಒರೆಸುತ್ತ ಪೂರ್ತಿ ಕೇಳಿದ.

"ಗೊತ್ತಿತ್ತು ಸಾ," ಅಂದ. "ಬೋಲ್ಟಿನ ತಲೆ ಮೇಲೆ ಕಲ್ಲಿನ್ ಪುಡಿ ಅಂಟಿತ್ತು."

"ಮತ್ತೆ ಆವತ್ತೇ ಯಾಕೆ ಹೇಳಲಿಲ್ಲ?"

"ಗಾಡಿ ಕೆಟ್ಟಾಗ ಓಡಿಸ್ದೋರ ತಪ್ಪು ಅಂತ ಯಾವ್ ಮೆಕ್ಯಾನಿಕ್ ಯೋಳಲ್ಲ ಸಾ? ಯಾರ್ ನಂಬ್ತಿದ್ರು? ನೀವೇ ಯೋಳ್ತೀರಿ ಅಂತ ಕಾದೆ. ಆವತ್ತು ಕಾದೆ, ಅದರ ಮುಂದ್ಲು ವಾರನೂ ಕಾದೆ." ಚಿಂದಿಯನ್ನು ಮೊಳೆಗೆ ಸಿಕ್ಕಿಸಿದ. "ಈಗ ನನ್ ಕಿವೀಲಿ ಯೋಳಿ ಏನ್ ಬಂತು? ನಂಗೊಬ್ಬಂಗೇ ಆಗ್ಲೇ ಗೊತ್ತಿದ್ದಿದ್ದು. ಗೊತ್ತಿಲ್ದೋರಿಗೆ ಯೋಳಿ."

ಅಲ್ಲೇ ನಿಂತು ಮೇಷ್ಟ್ರಿಗೆ ಫೋನು ಮಾಡಿದೆ. ನಡೆದದ್ದನ್ನೆಲ್ಲ ಹೇಳಿದೆ. ಕೊನೆಗೆ, "ಇರು, ಬತ್ತೀನಿ," ಅಂದರು. ಎರಡು ಬೀದಿ ಆಚೆಯ ಮನೆ. ನಡೆದೇ ಬಂದರು, ಚಪ್ಪಲಿ ಒಂದೊಂದು ತರದ್ದು. ನನ್ನ ಕಡೆ ನೋಡಲೂ ಇಲ್ಲ. ಮಿಸ್ತ್ರಿಯ ಎರಡೂ ಕೈ ಹಿಡಿದುಕೊಂಡರು. ಆಮೇಲೆ ನನ್ನತ್ತ ತಿರುಗಿ, ಮಿಸ್ತ್ರಿಯ ತಂದೆಯ ಕಡೆ ಬೆರಳು ಮಾಡಿ, "ಅವರಿಗೆ ನೀನೇ ಹೇಳು," ಅಂದರು.

ಹತ್ತಿರ ಹೋಗಿ ಹೇಳಿದೆ. ಮುದುಕರು ಕಿವಿಗೆ ಕೈ ಅಡ್ಡ ಹಿಡಿದು, "ಹಾಂ?" ಅಂದರು.

ಇನ್ನೂ ಸ್ವಲ್ಪ ಜೋರಾಗಿ ಹೇಳಿದೆ. "ಹಾಂ?"

ಕಿರುಚಿದೆ. "ಮೇಷ್ಟ್ರ ಗಾಡಿ ಬೀಳಿಸಿದ್ದು ನಾನು! ಕಲ್ಲಿಗೆ ಹೊಡೆದದ್ದು ನಾನು! ನಿಮ್ಮ ಮಗ ಸರಿಯಾಗೇ ಬಿಗಿದಿದ್ದ! ನಾನು ಸುಳ್ಳು ಹೇಳಿದೆ!" ಎದುರಿನ ಬೇಕರಿಯವನು ಕೆಲಸ ನಿಲ್ಲಿಸಿ ನೋಡಿದ. ಬಸ್ಸಿಗೆ ಕಾಯುತ್ತಿದ್ದ ಉಮ್ಮತ್ತೂರಿನ ಕಡೆಯ ಹೆಂಗಸರು ಇತ್ತ ತಿರುಗಿದರು. ಅವರಲ್ಲಿ ಒಬ್ಬಳು ಬಾಯಿಗೆ ಸೆರಗು ಹಿಡಿದಳು. ನಾಲ್ಕು ತಿಂಗಳು ಹನ್ನೆರಡು ಜನರಿಂದ ಮುಚ್ಚಿಟ್ಟದ್ದನ್ನು ಇಡೀ ಬೀದಿಗೆ ಸಾರಿದ್ದಾಯಿತು.

ಈ ಸಲ ಕೇಳಿಸಿತು. ಮುದುಕರು ನನ್ನ ಮುಖ ನೋಡಿದರು. ಆಮೇಲೆ ಮಗನನ್ನು ನೋಡಿದರು. ಕೈಯಲ್ಲಿದ್ದ ಸ್ಪ್ಯಾನರನ್ನು ಅವನ ಕೈಗೆ ಕೊಟ್ಟು ಉರ್ದುವಿನಲ್ಲಿ ಮೆಲ್ಲಗೆ ಏನೋ ಅಂದರು. ಮಿಸ್ತ್ರಿ ಅದನ್ನು ಹಿಡಿದುಕೊಂಡು ನೆಲ ನೋಡುತ್ತ ನಿಂತ. ಇನ್ನು ಬೈಗುಳ ನನ್ನ ಪಾಲಿನದು ಅಂದುಕೊಂಡು ಕಾದೆ. ಬೈದಿದ್ದರೆ ಒಳ್ಳೆಯದಿತ್ತು. ಅವರು ಮತ್ತೆ ನನ್ನ ಕಡೆ ಕೈ ತೋರಿಸಿ ಏನೋ ಕೇಳಿದರು. ನನಗೆ ಆ ಭಾಷೆ ಬಾರದು.

"ಏನಂತೆ?" ಅಂದೆ.

ಮಿಸ್ತ್ರಿ ತಲೆ ಎತ್ತಲಿಲ್ಲ. "ಆವತ್ತು ಬಿದ್ದಾಗ ನಿಮಗೆ ಏಟಾಯ್ತಾ ಅಂತ ಕೇಳ್ತಾವ್ರೆ," ಅಂದ.