ತುಕಿನೆಮ್ ಅಕ್ಕನ ದುಂಡು ಮುಖ

ಸೋಲೋ ಎಂಬ ಊರಿನ ನಮ್ಮ ಗಲ್ಲಿಗೆ ಬೆಳಿಗ್ಗೆ ಜಾಮು ತರುವವಳು ತುಕಿನೆಮ್. ಅರಿಸಿನ, ಹುಣಸೆ, ಶುಂಠಿ ಹಾಕಿ ಕುದಿಸಿದ ಆ ಕಷಾಯದ ಸೀಸೆಗಳನ್ನು ಬುಟ್ಟಿಗೆ ತುಂಬಿ, ಬುಟ್ಟಿಯನ್ನು ಬಟ್ಟೆಯಿಂದ ಬೆನ್ನಿಗೆ ಬಿಗಿದುಕೊಂಡು ಬರುತ್ತಾಳೆ. ಜಾಮು ಮಾರುವವಳ ಮೈಕಟ್ಟೇ ಅವಳ ಬೋರ್ಡು. ಅವಳೇ ಸೊರಗಿದ್ದರೆ ಯಾರೂ ಲೋಟ ಮುಟ್ಟುವುದಿಲ್ಲ.

ಐವತ್ತು ದಾಟಿದ ಮೇಲೆ ಅವಳ ಸೊಂಟ ಹಿಡಿದುಕೊಳ್ಳತೊಡಗಿತು. ತನ್ನದೇ ಕಷಾಯ ಕುಡಿದಳು, ನೋವು ಹೋಗಲಿಲ್ಲ. ಕಿರಾಣಿ ಅಂಗಡಿಯ ಗಿಯೊನೊ ಬಣ್ಣಬಣ್ಣದ ಗುಳಿಗೆಗಳ ಹೆಸರಿಲ್ಲದ ಪೊಟ್ಟಣ ಕೊಟ್ಟ. ಅದರಲ್ಲೇನಿದೆ ಎಂದು ಇವಳು ಕೇಳಲಿಲ್ಲ, ಅವನಿಗೂ ಗೊತ್ತಿರಲಿಲ್ಲ. ಮರುದಿನವೇ ನೋವು ಮಾಯ! ಆಮೇಲೆ ದಿನಕ್ಕೊಂದು ಪೊಟ್ಟಣ ರೂಢಿಯಾಯಿತು, ಗಲ್ಲಿಯ ಜೊತೆಗೆ ಸಂತೆಬೀದಿಯಲ್ಲೂ ಸುತ್ತಿ ಮಾರತೊಡಗಿದಳು.

ಕೆಲವೇ ತಿಂಗಳಲ್ಲಿ ಕೆನ್ನೆ ತುಂಬಿ ಮುಖ ದುಂಡಗಾಯಿತು. ಹೆಂಗಸರೆಲ್ಲ ಕಷಾಯದ ಮಹಿಮೆ ಎಂದುಕೊಂಡರು. ಬಟ್ಟೆ ಹೊಲಿಯುವ ವಾರ್ಸಿ ಎರಡನೇ ಲೋಟ ಕೇಳುತ್ತಾ, "ಗಂಡನಿಗೆ ಮಾತ್ರ ಇದನ್ನ ಕುಡಿಸಲ್ವೇನಕ್ಕ? ಬಿದಿರುಕಡ್ಡಿ ಥರ ಇದಾನೆ" ಎಂದು ಕಾಲೆಳೆದಳು. ತುಕಿನೆಮ್ ನಕ್ಕಳು. ತೋಳು ಸಣ್ಣಗಾಗುತ್ತಿದ್ದದ್ದು, ತಾಗಿದಲ್ಲೆಲ್ಲ ಚರ್ಮ ನೀಲಿಗಟ್ಟುತ್ತಿದ್ದದ್ದು ಉದ್ದ ತೋಳಿನ ರವಿಕೆಯೊಳಗೇ ಉಳಿಯಿತು.

ಗಿಯೊನೊ ಮಗಳ ಮದುವೆಗೆಂದು ಅಂಗಡಿ ಮುಚ್ಚಿದ ವಾರ ಪೊಟ್ಟಣ ಸಿಗಲಿಲ್ಲ. ವಾಂತಿ, ಸುಸ್ತು ಶುರುವಾಗಿ, ತನ್ನ ಮನೆಯ ಒಲೆ ಮುಂದೆಯೇ ಕುಸಿದಳು. ಗಂಡ ಆಸ್ಪತ್ರೆಗೆ ಒಯ್ದ. ಪೊಟ್ಟಣದಲ್ಲಿ ಸ್ಟಿರಾಯ್ಡ್ ಇತ್ತೆಂದು ತಿಳಿದದ್ದು ಅಲ್ಲಿ.

"ಇದು ಮೈ ತುಂಬಿದ್ದಲ್ಲ ತಾಯಿ, ಗುಳಿಗೆಯಿಂದ ಮುಖ ಊದಿರೋದು," ಎಂದರು ಡಾಕ್ಟರು. "ಒಮ್ಮೆಲೇ ನಿಲ್ಲಿಸಿದ್ದಕ್ಕೇ ಹೀಗೆ ಬಿದ್ರಿ. ನಾವು ನೋಡ್ಕೊಂಡು ಸ್ವಲ್ಪ ಸ್ವಲ್ಪ ಇಳಿಸೋಣ."

ಮುಖ ಇಳಿದರೆ ತನ್ನ ಕಷಾಯ ಯಾರು ಕುಡಿಯುತ್ತಾರೆ ಎಂದು ತುಕಿನೆಮ್ ಕೇಳಿದಳು. ಡಾಕ್ಟರು ಮುಂದಿನ ವಾರದ ಗುಳಿಗೆಯ ಚೀಟಿ ಬರೆದುಕೊಟ್ಟರು.

ಮತ್ತೆ ಗಲ್ಲಿಗೆ ಬಂದಾಗ ಕೆನ್ನೆ ಬತ್ತಿತ್ತು, ಸೀಸೆಗಳೂ ಕಡಿಮೆ. ಜ್ವರ ಬಂದಿತ್ತು ಎಂದು ಎಲ್ಲರಿಗೂ ಹೇಳಿದಳು, ಎಲ್ಲರೂ ನಂಬಿ ಲೋಟ ಹಿಡಿದರು. ಆಗ ವಾರ್ಸಿ, ಹೊಲಿಗೆ ಮೆಷಿನ್ ತುಳಿದೂ ತುಳಿದೂ ಮಂಡಿ ನೋಯುತ್ತದೆಂದು, ಗಿಯೊನೊನಿಂದ ತಂದ ಅದೇ ಪೊಟ್ಟಣ ಬಿಚ್ಚಿದಳು.

ತುಕಿನೆಮ್ ಅವಳ ಕೈ ಹಿಡಿದಳು. "ಬೇಡ ಕಣೇ. ಆ ದುಂಡು ಮುಖ ನನ್ನ ಕಷಾಯದ್ದಲ್ಲ, ಇದರದ್ದು. ಸಾಯೋ ಹಾಗಾಗಿದ್ದೆ ನಾನು."

ಕೇಳಿಸಿಕೊಂಡ ಹೆಂಗಸರಲ್ಲಿ ಇಬ್ಬರು ಲೋಟ ಕೆಳಗಿಟ್ಟು ತಮ್ಮ ತಮ್ಮ ಮನೆಯೊಳಗೆ ಹೋದರು. ವಾರ್ಸಿ ಪೊಟ್ಟಣ ಮಡಚಿದಳು. "ಹಾಗಾದ್ರೆ ಇಷ್ಟು ದಿನ ನಿನ್ನ ಕಷಾಯ ಏನು ಮಾಡ್ತಿತ್ತು?"

"ಬಾಯಿಗೆ ರುಚಿ ಕೊಡ್ತಿತ್ತು."

ವಾರ್ಸಿ ಈ ಸಲ ಒಂದೇ ಲೋಟ ಸಾಕೆಂದಳು. ಉಳಿದ ಸೀಸೆಗಳನ್ನು ಬೆನ್ನಿಗೇರಿಸಿಕೊಂಡು, ಮತ್ತೆ ನೋಯತೊಡಗಿದ ಸೊಂಟ ಹಿಡಿದುಕೊಂಡು ತುಕಿನೆಮ್ ಸಂತೆಬೀದಿಗೆ ಹೋಗದೆ ಮನೆ ಕಡೆ ನಡೆದಳು.